ಹತ್ತನೇ ಜನವರಿಯ ಸೆಪ್ಟೆಂಬರ್

ಸಿಯೆನೆಗೀತಾ, ನ್ಯೂ ಮೆಕ್ಸಿಕೊ
ಅಕ್ಟೋಬರ್ ೮, ಬುಧವಾರ

ತಂಗಿ ಫಿದೆಲೀನಾ,

ಈ ಕಾಗದ ನಾನಾಗಿ ಬರೆಯುತ್ತಿಲ್ಲ, ಬರೆಸುತ್ತಿದ್ದಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಎಪ್ಪತ್ತೆಂಟನೇ ವಯಸ್ಸಿನಲ್ಲಿ ಪೆನ್ನು ಕೊಟ್ಟು ಕೂರಿಸಿದರೆ ಸಿಟ್ಟು ಬರದೆ ಇರುತ್ತದೆಯೇ? ನಮ್ಮ ಕಾಲುವೆಯ ನೀರು ಹಂಚುವ ದೆಲ್ಫೀನೊ ನಾಳಿದ್ದು ನಿಮ್ಮ ಕಣಿವೆಗೆ ಇಳಿಯುತ್ತಾನೆ. ನಿನಗೊಂದು ಪೊಟ್ಟಣ ತಲುಪಿಸು ಎಂದೆ. "ಬರೀ ಪೊಟ್ಟಣ ಕೊಟ್ರೆ ಅವ್ರು ನನ್ನ ಮುಖಕ್ಕೇ ಎಸೀತಾರೆ ಅತ್ತೆ. ಹನ್ನೊಂದು ವರ್ಷದಿಂದ ನಿಮ್ಮಿಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಕಾಗದ ಬರ್ದುಕೊಡಿ, ಆಗ ಒಯ್ತೀನಿ" ಎಂದು ಹಟ ಹಿಡಿದು ಕೂತ. ಫೋನು ಮಾಡೋಣವೆಂದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯೆ. ಹೋದ ಈಸ್ಟರಿಗೂ ಹಾಗೇ ಮಾಡಿದೆ. ಇರಲಿ.

ಪೊಟ್ಟಣ ಬಿಚ್ಚಿ ನೋಡು. ಅಪ್ಪನ ಮೆಣಸಿನಕಾಯಿ ಬೀಜ. ಹಳೆಯದಲ್ಲ, ಈ ವರ್ಷದ್ದು! ಕಾಯಿ ಹಣ್ಣಾಯಿತು ಕಣೇ, ಕೆಂಪಗೆ, ಅಪ್ಪ ಸೂರಿಗೆ ತೂಗಿಬಿಡುತ್ತಿದ್ದನಲ್ಲ, ಅದೇ ಕೆಂಪು.

ನಿನಗೆ ಗೊತ್ತಿರಲಿಕ್ಕಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷ ಸಾಲಾಗಿ ಸೆಪ್ಟೆಂಬರಿನಲ್ಲೇ ಹೆಪ್ಪುಮಂಜು ಬಿದ್ದು ಗಿಡ ಸುಟ್ಟುಹೋಗಿತ್ತು. ಹಸಿರು ಕಾಯಿಯಲ್ಲಿ ಬೀಜ ಬಲಿಯುವುದಿಲ್ಲ. ಡಬ್ಬಿಯಲ್ಲಿ ಉಳಿದದ್ದು ಮೂವತ್ತೊಂದು ಕಾಳು, ಹುಟ್ಟಿದ್ದು ಹತ್ತೊಂಬತ್ತು. ಆ ಹತ್ತೊಂಬತ್ತು ಗಿಡ ಹೋಗಿದ್ದರೆ ಅಪ್ಪನ ಮೆಣಸಿನಕಾಯಿ ಈ ಭೂಮಿಯ ಮೇಲೇ ಇರುತ್ತಿರಲಿಲ್ಲ.

ಈಗ ನಮ್ಮ ಜಗಳದ ವಿಷಯಕ್ಕೆ ಬರುತ್ತೇನೆ. ಜನವರಿಯ ಮೊದಲ ದಿನಗಳ ಆಕಾಶ ನೋಡಿ ಹನ್ನೆರಡು ತಿಂಗಳ ಹವೆ ಹೇಳುವುದನ್ನು ಅಪ್ಪ ಇಬ್ಬರಿಗೂ ಕಲಿಸಿದ. ದಿನಕ್ಕೊಂದು ತಿಂಗಳು. ನಾನು ಒಂದನೇ ತಾರೀಖಿನಿಂದ ಎಣಿಸುವವಳು, ನನಗೆ ಒಂಬತ್ತು ಎಂದರೆ ಸೆಪ್ಟೆಂಬರ್. ನೀನು ಮೊದಲ ದಿನವನ್ನು ದೇವರಿಗೆ ಬಿಟ್ಟು ಎರಡರಿಂದ ಶುರುಮಾಡುವವಳು, ನಿನಗೆ ಹತ್ತು ಎಂದರೆ ಸೆಪ್ಟೆಂಬರ್. ಹನ್ನೊಂದು ವರ್ಷದ ಹಿಂದೆ ಅಪ್ಪನ ಹೆಣ ಒಳಗಿತ್ತು, ಊರೆಲ್ಲ ಜಪಮಾಲೆ ಹಿಡಿದು ಕೂತಿತ್ತು, ಆಗ ನೀನು ಎಲ್ಲರೆದುರು ಅಂದೆ: "ಅಕ್ಕಂಗೆ ಹತ್ತರ ತನಕ ಎಣಿಸೋಕೂ ಬರಲ್ಲ, ಇವಳಿಗೆ ಬೀಜ ಬೇರೆ ಕೇಡು!" ನಾನು ತಿರುಗಿ ಏನಂದೆ ಎಂದು ಇಲ್ಲಿ ಬರೆಯುವುದಿಲ್ಲ. ನಿನಗೆ ನೆನಪಿದೆ. ಅವತ್ತಿನಿಂದ ಅಪ್ಪನ ಡಬ್ಬಿಯನ್ನು ನಾನೇ ಇಟ್ಟುಕೊಂಡು ನಿನಗೆ ಒಂದು ಕಾಳು ಬೀಜವನ್ನೂ ಕೊಡಲಿಲ್ಲ.

ಈ ವರ್ಷ ಜನವರಿ ಒಂಬತ್ತರಂದು ಆಕಾಶ ಗಾಜಿನ ಹಾಗೆ ನಿಚ್ಚಳವಾಗಿತ್ತು. ನಾಯಿಗೆ ನೀರಿಡುವ ಮಣ್ಣಿನ ಬೋಗುಣಿ ಚಳಿಗೆ ಸೀಳಿಹೋಯಿತು. ಹತ್ತರಂದು ಮೋಡ ಮುಚ್ಚಿ, ಸೂರಿನ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ನನ್ನ ಲೆಕ್ಕಕ್ಕೆ ಚಳಿಯ ಸೆಪ್ಟೆಂಬರ್, ನಿನ್ನದಕ್ಕೆ ಬೆಚ್ಚನೆಯದು. ಸೆಪ್ಟೆಂಬರ್ ಬಂತು. ಹದಿನೈದರ ಸುಮಾರಿಗೆ ನಮ್ಮಂಥ ಬೆಟ್ಟದ ಊರುಗಳಲ್ಲಿ ಹೆಪ್ಪುಮಂಜು, ಕಣಿವೆಯಲ್ಲಿ ಅಕ್ಟೋಬರ್ ನಡುವಿನ ತನಕ ಬೆಚ್ಚಗೆ ಎಂದು ರೇಡಿಯೋದವನು ಹೇಳಿದ. ನನ್ನ ಒಂಬತ್ತನೇ ತಾರೀಖೂ ಅದನ್ನೇ ಹೇಳುತ್ತಿತ್ತು. ಬೇರೆ ವರ್ಷವಾಗಿದ್ದರೆ ನೋಡಿರಯ್ಯಾ ಎಂದು ಬೀದಿಯಲ್ಲಿ ಕುಣಿಯುತ್ತಿದ್ದೆ.

ಊರೆಲ್ಲ ಹಸಿರು ಕಾಯಿ ಕಿತ್ತರು. ಎರಡು ದಿನ ಬೀದಿ ತುಂಬ ಮೆಣಸಿನಕಾಯಿ ಸುಟ್ಟ ಘಮ, ಕೆಮ್ಮು. ನಾನು ಕೀಳಲಿಲ್ಲ. ದೆಲ್ಫೀನೊ ಬೇಲಿ ಹತ್ತಿರ ಬಂದು, "ಕಾಯಿ ಸುಡೋ ಬಾಡಿಗೆ ಡ್ರಮ್ಮು ನಾಳೆ ವಾಪಸ್ ಹೋಗತ್ತೆ ಅತ್ತೆ, ಆಮೇಲೆ ನನ್ನ ಬೈಬೇಡಿ" ಎಂದ. ಪಕ್ಕದ ಮನೆಯ ಯೂತಿಮಿಯಾ ಗೊತ್ತಲ್ಲ, ಬಾಯಿ ಸುಮ್ಮನಿರುತ್ತದೆಯೇ? "ಏನೇ ಕಾಸಿಮೀರಾ, ಈ ಸಲ ಐಸ್ ಮೆಣಸಿನಕಾಯಿ ಮಾರ್ತೀಯಾ?" "ಮಾರ್ತೀನಿ, ಮೊದಲನೇದು ನಿನ್ನ ಬಾಯಿಗೇ ತುರುಕ್ತೀನಿ, ನಡಿ" ಎಂದೆ.

ಯಾಕೆ ಕೀಳಲಿಲ್ಲ ಎಂದರೆ, ಹಿಂದಿನ ದಿನ ಹಳೆಯ ಕ್ಯಾಲೆಂಡರುಗಳನ್ನು ತೆಗೆದು ನೋಡಿದ್ದೆ. ಹೋದ ವರ್ಷ ನನ್ನ ಒಂಬತ್ತು ಬೆಚ್ಚಗೆ ಎಂದಿತ್ತು, ನಿನ್ನ ಹತ್ತು ಚಳಿ ಎಂದಿತ್ತು. ಅದರ ಹಿಂದಿನ ವರ್ಷವೂ ಹಾಗೇ. ಎರಡು ಸಲವೂ ಗಿಡ ಸುಟ್ಟಿತು. ಎರಡು ಸಲವೂ ನೀನು ಗೆದ್ದೆ, ನಾನು ಆ ಹಾಳೆಗಳನ್ನು ಸುತ್ತಿ ಕಪಾಟಿನ ಮೇಲೆ ಎಸೆದಿದ್ದೆ. ಈ ವರ್ಷ ನನ್ನ ಲೆಕ್ಕ ನಂಬಿ ಹಸಿರಿದ್ದಾಗಲೇ ಕಿತ್ತರೆ ಕಾಯಿ ಸಿಗುತ್ತಿತ್ತು, ಬೀಜ ಸಾಯುತ್ತಿತ್ತು. ನಿನ್ನದನ್ನು ನಂಬಿದರೆ ಮಾತ್ರ ಬೀಜ. ನಂಬಿದೆ. ಹಲ್ಲು ಕಚ್ಚಿಕೊಂಡು ನಂಬಿದೆ.

ಹದಿನೈದರ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಹೊಲಕ್ಕೆ ಓಡಿದೆ. ಮೋಡ! ಹತ್ತನೇ ಜನವರಿಯದೇ ಮೋಡ, ಬೆಟ್ಟದಿಂದ ಇಳಿದು ಹೊಲದ ಮೇಲೆ ಕಂಬಳಿಯಂತೆ ಹೊದ್ದುಕೊಂಡಿತ್ತು. ಹೆಪ್ಪುಮಂಜಿಲ್ಲ, ಎಲೆ ಒದ್ದೆ, ಅಷ್ಟೇ. ಹೊತ್ತೇರಿದರೆ ಬಿಸಿಲು, ಸಂಜೆಯಾದರೆ ಮತ್ತೆ ಮೋಡ. ದಿನಾ ಹೀಗೇ. ಇಪ್ಪತ್ತೊಂದಕ್ಕೆ ಒಂದು ಕಾಯಿಯ ತೊಟ್ಟಿನ ಹತ್ತಿರ ಉಗುರಿನಷ್ಟು ಕೆಂಪು ಕಂಡಿತು. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಏಳುವುದಕ್ಕೆ ಯೂತಿಮಿಯಾಳನ್ನೇ ಕೂಗಬೇಕಾಯಿತು. ಎಬ್ಬಿಸಿದಳು, ಕಾಯಿ ನೋಡಿದಳು, ನನ್ನ ಬಟ್ಟೆಯ ಮಣ್ಣನ್ನೂ ಕೊಡವಿದಳು. ಅವಳ ಜನ್ಮದಲ್ಲೇ ಅದು ಮೊದಲ ಸಲ!

ಅಕ್ಟೋಬರ್ ಮೂರಕ್ಕೆ ಕಿತ್ತೆ. ಹತ್ತೊಂಬತ್ತು ಗಿಡ, ನಾಲ್ಕು ಬುಟ್ಟಿ, ಎಲ್ಲ ಕೆಂಪು. ಹೆಪ್ಪುಮಂಜು ಬಂದದ್ದು ಐದರ ಬೆಳಿಗ್ಗೆ. ಖಾಲಿ ಗಿಡಗಳ ಮೇಲೆ ಬಿಳಿಯಾಗಿ ಕೂತಿತ್ತು. ಹೊಸ್ತಿಲಲ್ಲಿ ನಿಂತು, "ಈಗ ಬಂದ್ಯಾ? ಬಾ, ಏನ್ ತಿಂತೀಯೋ ತಿನ್ನು!" ಎಂದು ಅದಕ್ಕೇ ಕೂಗಿದೆ. ನಾಯಿ ಹೆದರಿ ಒಳಗೋಡಿತು.

ಪೊಟ್ಟಣದಲ್ಲಿರುವುದು ನಿನ್ನ ಪಾಲು, ಸರಿಯಾಗಿ ಅರ್ಧ. ಹನ್ನೊಂದು ವರ್ಷ ಎಲ್ಲವನ್ನೂ ಒಂದೇ ಹೊಲದಲ್ಲಿ, ಒಂದೇ ಚಳಿಯ ಬಾಯಿಗೆ ಇಟ್ಟಿದ್ದು ನನ್ನ ಮೂರ್ಖತನ. ನಿಮ್ಮ ಕಣಿವೆಗೆ ಚಳಿ ತಡವಾಗಿ ಬರುತ್ತದೆ, ಅಲ್ಲಿ ನೆಡು. ಕಾಯಿಯನ್ನು ಮೂರು ಮೂರು ಸೇರಿಸಿ ಸರ ಕಟ್ಟುವುದಿದೆ. ಅಪ್ಪನ ಗಂಟು ಬರುವುದು ನಿನಗೊಬ್ಬಳಿಗೇ. ನಾನು ಕಟ್ಟಿದರೆ ಎರಡು ದಿನಕ್ಕೆ ಉದುರುತ್ತದೆ. ಬುಟ್ಟಿಗಳು ಅಡಿಗೆಮನೆಯಲ್ಲಿ ಹಾಗೇ ಇವೆ.

ನಿನ್ನ ಅಕ್ಕ,
ಕಾಸಿಮೀರಾ

ಮರೆತಿದ್ದೆ: ಅದೇ ಐದನೇ ತಾರೀಖು ಭಾನುವಾರ. ಪೂಜೆ ಮುಗಿದ ಮೇಲೆ ಇಗರ್ಜಿಯ ಬಾಗಿಲಲ್ಲಿ ನಿಂತು, "ಎರಡನೇ ತಾರೀಖಿಂದ್ಲೇ ಎಣಿಸ್ಬೇಕು. ಫಿದೆಲೀನಾ ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಯೂತಿಮಿಯಾ, "ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು" ಎಂದಳು. ಚೆನ್ನಾಗಿ ಕೇಳಿಸಿತ್ತು ಅವಳಿಗೆ. ಇನ್ನೊಂದು ಸಲವೂ ಹೇಳಿದೆ. ದೆಲ್ಫೀನೊ ಅಲ್ಲೇ ಇದ್ದ, ಬೇಕಾದರೆ ಕೇಳಿಕೋ. ಸರ ಕಟ್ಟಲು ಬರುತ್ತೀಯೋ ಇಲ್ಲವೋ? ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬೇಕು.