ಮಸರತಳ ಕುರ್ಚಿ

ಜುಲೈ 8, ಮಂಗಳವಾರ

ಬೋನಾಳದ ಮನೆಭೇಟಿ ಮುಗಿಸಿ ಸುರಪುರಕ್ಕೆ ವಾಪಸು. ಮೊಣಕಾಲು ನೋವು — ದಿನವಿಡೀ ಮನೆಮನೆಯ ನೆಲದ ಮೇಲೆ ಕೂತು ಮಕ್ಕಳಿಗೆ ಥೆರಪಿ. ಶಹಾಪುರದ ಬಡಗಿ ಕೊನೆಗೂ ಮಸರತಳ ಕುರ್ಚಿ ಮಾಡಿಕೊಟ್ಟ. ಎರಡು ವರ್ಷದ ಹುಡುಗಿ, ಸೆರೆಬ್ರಲ್ ಪಾಲ್ಸಿ, ಕುತ್ತಿಗೆ ನಿಲ್ಲುವುದಿಲ್ಲ. ಮಲಗಿಸಿ ಉಣಿಸಿದರೆ ತುತ್ತು ಶ್ವಾಸನಾಳಕ್ಕೆ ಇಳಿಯುತ್ತದೆ. ಹೋದ ಚಳಿಗಾಲದ ನ್ಯುಮೋನಿಯಾದಲ್ಲಿ ಬದುಕಿದ್ದೇ ಹೆಚ್ಚು. ನೆಟ್ಟಗೆ ಕೂರಿಸಿ, ಬೆಲ್ಟ್ ಹಾಕಿ, ಖಿಚಡಿ ಕೊಟ್ಟೆ. ಕೆಮ್ಮಲಿಲ್ಲ. ತಾಯಿ ತಸ್ಲೀಮಾ ಆಮೇಲೆಯೇ ಉಸಿರು ಬಿಟ್ಟಳು.

"ನವಾಬರ ತಖ್ತ ಬಂತಲ್ರಿ ನಮ್ಮ ಹುಡುಗಿಗಿ," ಅಂದರು ಅಜ್ಜಿ ಅನ್ವರಬಿ. "ಇನ್ನ ನಮಗ ಸಲಾಂ ಹೊಡಿ ಅಂತಾಳ."

ಪ್ರತಿ ಊಟವೂ ಇದರಲ್ಲೇ ಎಂದು ಹೇಳಿ ಬಂದೆ. ಹೌದ್ರಿ, ಹೌದ್ರಿ ಅಂದರು.

ಜುಲೈ 22

ಕುರ್ಚಿ ಹೊಳೆಯುತ್ತಿತ್ತು. ಎಷ್ಟು ನೀಟಾಗಿ ಇಟ್ಟಿದ್ದೀರಿ ಅಂದೆ. ಅನ್ವರಬಿಗೆ ಖುಷಿ, ಚಹಾದ ಜತೆ ಬಿಸ್ಕಿಟ್ ಬಂತು. ಮಸರತಳ ತೂಕ ಮಾತ್ರ ಏರಿಲ್ಲ. ಉಂಡ ಮೇಲೆ ಕೆಮ್ಮುತ್ತಾಳಂತೆ. ಬೆನ್ನಿನ ಹಲಗೆಯ ಇಳಿಜಾರು ತಪ್ಪಿತೆ? ಫೋಮ್ ಸೇರಿಸಿದೆ.

ಆಗಸ್ಟ್ 5

ತೂಕ ಇಳಿದಿದೆ. ನನ್ನೆದುರು ಚೆನ್ನಾಗಿಯೇ ನುಂಗುತ್ತಾಳೆ. ಹಾಗಾದರೆ ಏನು... ಖಿಚಡಿ ಇನ್ನಷ್ಟು ಗಟ್ಟಿ ಮಾಡಿ ಅಂದೆ. ಇಷ್ಟು ವರ್ಷ ಇದೇ ಕೆಲಸ, ಒಂದು ಮಗುವಿನ ತುತ್ತು ಅರ್ಥವಾಗುತ್ತಿಲ್ಲ.

ಆಗಸ್ಟ್ 8, ಶುಕ್ರವಾರ

ಅಂಗನವಾಡಿ ಕೆಲಸಕ್ಕೆ ಬೋನಾಳಕ್ಕೆ ಹೋದವಳು, ಹೇಳದೆ ಅವರ ಮನೆಗೂ ಹೋದೆ. ಅನ್ವರಬಿ ಕಾಲು ಚಾಚಿ ಕೂತಿದ್ದರು. ಮಸರತ ಆ ಕಾಲ ಮೇಲೆ ಅಂಗಾತ. ಬಾಯಲ್ಲಿ ಚಮಚ. ಕುರ್ಚಿ ಅಟ್ಟದ ಮೇಲೆ, ಹೊಸ ಚಾದರ ಸುತ್ತಿಕೊಂಡು, ಮೆಹಮಾನರು ಬಂದರೆ ಮಾತ್ರ ಇಳಿಸುವ ಪಿಂಗಾಣಿ ಬಸಿಗಳ ಪಕ್ಕ.

"ನೀವು ಬರೋ ಮಂಗಳಾರ ಇಳಸ್ತೀವ್ರಿ. ಪ್ರೀತಿಲೆ ಕೊಟ್ಟ ಸಾಮಾನು. ದಿನಾ ಬ್ಯಾಳಿ ಚೆಲ್ಲಿ ಕೆಡಸಿದ್ರ ನಿಮಗ ಮಾರಿ ಹ್ಯಾಂಗ ತೋರಸೋದ್ರಿ?"

"ನಾ ಹೇಳಿದ್ನಲ್ಲ ಅಮ್ಮಿ..." ತಸ್ಲೀಮಾ.

"ನೀ ಸುಮ್ನಿರು. ಮೇಡಮ್ಮೋರೇ ಅಂದಾರ, ನೀಟ ಇಟ್ಟೀರಿ ಅಂತ."

ಬೈಯಲಾಗಲಿಲ್ಲ. "ಕೆಡಸ್ರಿ ಅಮ್ಮ. ಕೆಡ್ಲಿ ಅಂತೇ ಮಾಡಿಸೀನಿ."

ಮಗುವಿನ ಬೆನ್ನಿಗೆ ಕಿವಿ ಇಟ್ಟೆ. ಗೊರಗೊರ. ಇವತ್ತೇ ಯಾದಗಿರಿಗೆ ಒಯ್ಯಿರಿ ಅಂದೆ. ಅವಳಪ್ಪ ಬರಲಿ ಅಂದರು. ಮತ್ತೆ ಮತ್ತೆ ಹೇಳಿದೆ. ನಾನೇ ಎತ್ತಿಕೊಂಡು ಹೊರಡಬೇಕಿತ್ತೇನೋ.

ಆಗಸ್ಟ್ 14

ಯಾದಗಿರಿ ಆಸ್ಪತ್ರೆ. ಸೋಮವಾರ ಸೇರಿಸಿದ್ದಾರೆ. ಆಕ್ಸಿಜನ್. ಮೂಗಿನಲ್ಲಿ ನಳಿಕೆ, ಬಾಯಿಗೆ ಏನೂ ಕೊಡುವಂತಿಲ್ಲ.

ವರಾಂಡದಲ್ಲಿ ಅನ್ವರಬಿ, ಪಕ್ಕದಲ್ಲಿ ಕುರ್ಚಿ. ಬಸ್ಸಿನಲ್ಲಿ ಹೊತ್ತು ತಂದಿದ್ದಾರೆ. ಮುಂದಿನ ಹಲಗೆಯ ಮೇಲೆ ಬೇಳೆಯ ಹಳದಿ.

"ನೋಡ್ರಿ, ಕೆಡಿಸೀನಿ. ನೀವು ಹೋದಾಗಿಂದ ಇದರಾಗೇ ಉಣಿಸೀನಿ. ಈಗರ ಆರಾಮಾಗ್ತಾಳಿಲ್ರಿ?"

ಹೌದು ಅಂದೆ. ಯಾಕೆ ಹಾಗಂದೆನೋ.

ಆಗಸ್ಟ್ 26, ಮಂಗಳವಾರ

ಮಸರತಳನ್ನು ಮಣ್ಣು ಮಾಡಿ ವಾರ ಕಳೆಯಿತು. ಇವತ್ತು ಬೋನಾಳದ ದಿನ. ಹೋಗಲಿಲ್ಲ.

ಮಧ್ಯಾಹ್ನ ತಸ್ಲೀಮಾಳ ಗಂಡ ನಮ್ಮ ಮನೆಗೆ ಕುರ್ಚಿ ತಂದಿಟ್ಟ. ಅದೇ ಚಾದರ. ತಿಕ್ಕಿ ತಿಕ್ಕಿ ತೊಳೆದಿದ್ದಾರೆ. ನಿಂತೇ ಹೇಳಿದ — "ಅಮ್ಮಿ ಹೇಳ್ಯಾಳ್ರಿ. ಬ್ಯಾಳಿ ಕಲಿ ಪೂರಾ ಹೋಗಿಲ್ಲ, ಮಾಫ್ ಮಾಡ್ಬೇಕಂತ."

ನೀರು ಕೊಟ್ಟೆ.

ಗುರುಮಠಕಲ್‌ನ ಇನ್ನೊಂದು ಮಗುವಿಗೆ ಅಳತೆ ಸರಿಹೋಗುತ್ತದೆ. ಬಡಗಿಗೆ ಫೋನ್ ಮಾಡಿದೆ. ಪಾಲಿಶ್ ಹೊಡದು ಹೊಸದು ಮಾಡ್ತೀನ್ರಿ ಅಂದ. ಬೇಡ ಅಂದೆ. ಕಲೆ ಇರಲಿ. ಇದು ಬಳಸಿದ್ದು ಅಂತ ಗೊತ್ತಾಗಲಿ, ಅವರಾದರೂ ಹಿಂಜರಿಯದೆ ಉಣಿಸಲಿ. ಯಾರ ಕುರ್ಚಿ ಇದು, ಆ ಮಗು ಈಗ ಹೇಗಿದೆ ಅಂತ ಕೇಳಿದರೆ —