ಹಳದಿ ಪುಡಿಯ ಎರಡು ಸೀಸೆ

ಲ್ಯಾಬಿನ ತೊಳೆಯುವ ಕೋಣೆ
ಗುರುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಕೆಮ್ಮು ತಗ್ಗಿತೇ? ಹದಿನೈದು ದಿನದ ಆ ತರಬೇತಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದೀಯೋ ಎಂದು ನಿನ್ನಮ್ಮ ನನ್ನನ್ನು ಕೇಳುತ್ತಾಳೆ. ನಾನೇನು ನಿನ್ನ ಹೊಟ್ಟೆಯೊಳಗೆ ಕೂತಿದ್ದೇನೆಯೇ? ನಾನು ಆರಾಮಾಗಿದ್ದೇನೆ. ಬೆಳಗಿನಿಂದ ಒಂದೇ ಫ್ಲಾಸ್ಕನ್ನು ಮೂರು ಸಲ ತೊಳೆದೆ, ಅಷ್ಟೇ.

ನೀನಿಲ್ಲದ ಲ್ಯಾಬು ನಿಂತಿರುವುದೇ ನನ್ನಿಂದ ಎಂದು ತಿಳಿ. ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ನಿನ್ನ ಸಂಶೋಧನೆಯನ್ನು ನಾನೇ ಬಿಡಿಸಿ ಹೇಳಿದೆ. ಇಂಗಾಲದ ಉಂಗುರದಲ್ಲಿ ಅಲ್ಲೊಂದು ಇಲ್ಲೊಂದು ಸಾರಜನಕ ಕೂರಿಸುವುದು, ಅಂಥ ನಲವತ್ತು ಅಣುಗಳನ್ನು ಕಂಪ್ಯೂಟರಿನಲ್ಲಿ ಕಿಣ್ವದ ಸಂದಿಗೆ ಒಂದೊಂದಾಗಿ ತೂರಿಸಿ ನೋಡುವುದು, ಯಾವುದು ಗಟ್ಟಿಯಾಗಿ ಕಚ್ಚಿಕೊಂಡು ಕಿಣ್ವದ ಕೆಲಸ ನಿಲ್ಲಿಸೀತೋ ಅದನ್ನು ಇಲ್ಲಿ ಕುದಿಸಿ ಪುಡಿ ಮಾಡುವುದು. ಏಳನೇ ಕ್ಲಾಸಿಗೆ ಹಳ್ಳಿಯ ಶಾಲೆ ಬಿಟ್ಟವನ ಬಾಯಲ್ಲಿ ಇಷ್ಟು ಕೇಳಿ ಅವರು ನನ್ನನ್ನು ಸರ್ ಅಂದರು. ನಾನೂ ಬೇಡ ಅನ್ನಲಿಲ್ಲ.

ಆದರೆ ಸೋಮವಾರದಿಂದ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ಕಂಪ್ಯೂಟರ್ ಮೊದಲ ಸ್ಥಾನ ಕೊಟ್ಟಿದ್ದ ನಿನ್ನ ಹದಿನೇಳನೇ ಪುಡಿ ಪರೀಕ್ಷೆಯಲ್ಲಿ ಕಿಣ್ವವನ್ನು ಅಲುಗಾಡಿಸಲೇ ಇಲ್ಲ. ಯಾರೂ ಲೆಕ್ಕಕ್ಕಿಡದ ಹತ್ತೊಂಬತ್ತನೆಯದು ಕಿಣ್ವವನ್ನು ಮಟ್ಟ ಹಾಕಿತು. ನಿನ್ನ ಗೈಡು ಮುಖ ಗಂಟಿಕ್ಕಿಕೊಂಡು, "ಎರಡು ವರ್ಷದ ಕೆಲ್ಸ ಮಣ್ಣುಪಾಲಾಯ್ತು ಕಣಪ್ಪ. ಕಂಪ್ಯೂಟರ್ ಲೆಕ್ಕ ತಪ್ಪು ಅಂತ ಶನಿವಾರ ತರಬೇತಿ ಮುಗಿಯೋ ದಿನ ವೇದಿಕೆ ಮೇಲೆ ಅವಳೇ ಒಪ್ಕೊಳ್ಲಿ" ಅಂದರು. ನೀನು ಫೋನಿನಲ್ಲಿ ಅತ್ತುಬಿಟ್ಟೆಯಂತೆ. ಅಂದಿನಿಂದ ಕೂತರೆ ಏಳಬೇಕು, ಎದ್ದರೆ ಅಲೆಯಬೇಕು. ನಿನ್ನ ದನಿ ಕೇಳಿದರೆ ಬಾಯಿ ಕಟ್ಟುತ್ತದೆಂದು ಈ ಪತ್ರವನ್ನು ನಿನ್ನ ಗೆಳತಿಯ ಕೈಗೆ ಕೊಡುತ್ತಿದ್ದೇನೆ. ಮೂರು ಗಂಟೆಗೆ ಅವಳ ರೈಲು.

ನನ್ನ ಆಶೀರ್ವಾದ ನಿನ್ನ ನೆತ್ತಿಯ ಮೇಲಿರಲಿ.

ಎಲ್ಲ ಬಲ್ಲ ನಿನ್ನ ಸೋದರಮಾವ

ತಾ.ಕ.: ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ನೀನು ಹೊರಟ ದಿನ ಹದಿನೇಳು, ಹತ್ತೊಂಬತ್ತರ ಆ ಎರಡು ಸೀಸೆಗಳಿಗೆ ಧೂಳು ಕೂತಿದೆಯೆಂದು ಅಸಿಟೋನಿನಲ್ಲಿ ಒರೆಸಿದೆ. ಧೂಳಿನ ಜೊತೆ ನೀನು ಪೆನ್ನಿನಲ್ಲಿ ಬರೆದ ಅಂಕಿಗಳೂ ಹೋದವು. ಎರಡೂ ಹಳದಿ ಪುಡಿ. ನನಗೆ ತಿಳಿಯದ್ದೇನಿದೆ ಎಂದು ನಾನೇ ಅಂಕಿ ಬರೆದು ಪರೀಕ್ಷೆಗೆ ಕಳಿಸಿದೆ. ಪುಡಿ ಪುಡಿಗೂ ಕರಗುವ ಬಿಸಿ ಬೇರೆಯಲ್ಲವೇ, ಇವತ್ತು ಬೆಳಿಗ್ಗೆ ಎರಡನ್ನೂ ಮೂರು ಮೂರು ಸಲ ಕಾಯಿಸಿ ಕರಗಿಸಿ ನೋಡಿದೆ. ನಾನು ಹತ್ತೊಂಬತ್ತು ಎಂದು ಬರೆದದ್ದು ಇನ್ನೂರ ಹನ್ನೆರಡು ಡಿಗ್ರಿಗೆ ಕರಗಿತು. ನಿನ್ನ ನೋಟುಪುಸ್ತಕದಲ್ಲಿ ಇನ್ನೂರ ಹನ್ನೆರಡು ಇರುವುದು ಹದಿನೇಳರ ಎದುರಿಗೆ. ಈಗ ಗೈಡಿನ ಕೋಣೆಗೆ ಹೊರಟೆ. ಶನಿವಾರ ನೀನು ತಲೆ ತಗ್ಗಿಸಬೇಡ, ಆ ಕೆಲಸ ನನ್ನದು.