ನರ್ಸಮ್ಮನ ಮುಂದೆ ಓಡಬೇಡಿ

ರೀ,

ನಾನು ಟೈಲರ್ ಅಂಗಡಿಗೆ ಹೊರಟೆ. ಹತ್ತಕ್ಕೆ ನರ್ಸಮ್ಮ ಬರ್ತಾಳೆ. ಬಿಪಿ ಇರೋ ವಯಸ್ಸಾದವರ ಕೈಕಾಲು ಎಷ್ಟು ಬೇಗ ಸೋಲುತ್ತೆ ಅನ್ನೋದು ರಕ್ತದಲ್ಲೇ ಮೊದಲು ಗೊತ್ತಾಗುತ್ತಾ ಅಂತ ಆಸ್ಪತ್ರೆಯವರು ನೋಡ್ತಾರಂತೆ; ಅದಕ್ಕೆ ರಕ್ತ ತಗೊಂಡು, ನಿಮ್ಮ ನಡಿಗೆ, ಕೈಬಲಾನೂ ಅಳೀತಾಳೆ. ರಕ್ತ ಕೊಡೋವರೆಗೂ ಬಿಸ್ಕತ್ತು ತಿನ್ನಬೇಡಿ; ಹೋದ ಸಲ ಮೀಸೆಯಲ್ಲಿದ್ದ ಪುಡಿಯೇ ನಿಮ್ಮನ್ನ ಹಿಡಿದುಕೊಟ್ಟಿತ್ತು.

ಅವಳು "ಮಾಮೂಲಿಯಾಗಿ ನಡೀರಿ" ಅಂದರೆ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಬೇಡಿ. ಹಾಲು ತನ್ನಿ ಅಂದಾಗ ಹೊರಡ್ತೀರಲ್ಲ, ಆ ನಡಿಗೆ ಸಾಕು.

ಕೈಹಿಡಿತ ಅಳೆಯೋ ಮೆಷಿನ್ ಕಡಿಮೆ ತೋರಿಸಿದರೆ "ಇದು ಕೆಟ್ಟಿದೆ, ನಮ್ಮನೆ ಡಬ್ಬಿಗಳನ್ನ ಕೇಳಮ್ಮ" ಅಂತ ಜಂಬ ಕೊಚ್ಚಿಕೊಳ್ಳಬೇಡಿ. ಒಂದು ವರ್ಷದಿಂದ ಎಲ್ಲಾ ಮುಚ್ಚಳಾನೂ ನಾನೇ ಸಡಿಲ ಮಾಡಿ, ಆಮೇಲೆ "ಬರ್ತಿಲ್ಲ, ತೆಗೆದುಕೊಡ್ರೀ" ಅಂತ ನಿಮ್ಮ ಕೈಗೆ ಕೊಡ್ತಿದ್ದೆ.

ಇವತ್ತು ಬಿಸ್ಕತ್ತಿನ ಡಬ್ಬಿ ಸಡಿಲ ಮಾಡಿಲ್ಲ.